ಮೋಡಣ್ಣ ಅನಾಥನಾದ ಪ್ರಸಂಗ

ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಕೈಹಿಡಿದ ಹೆಂಡತಿ ಗಟ್ಟಿಮುಟ್ಟಾಗಿರುವಾಗ, ಸ್ವಂತ ಮನೆ, ಖಾಯಂ ನೌಕರಿ, ಸಾಲದ್ದಕ್ಕೆ ದಿನಕ್ಕೊಮ್ಮೆ ವಿಚಾರಿಸಿಕೊಳ್ಳುವ ಭಾವಮೈದ ಇರುವಾಗ, ಮನುಷ್ಯನೊಬ್ಬ ಹಾಡಹಗಲೇ ನಡುಬೀದಿಯಲ್ಲಿ ಅನಾಥನಾಗುವುದು ಸುಲಭದ ಮಾತಲ್ಲ. ಅದಕ್ಕೆ ವಿಶೇಷ ಪ್ರತಿಭೆ ಬೇಕು. ಮೋಡಣ್ಣನಿಗೆ ಆ ಪ್ರತಿಭೆ ಹುಟ್ಟಿನಿಂದಲೇ ಬಂದಿತ್ತು.

ಮೋಡಣ್ಣ ಎಂಬುದು ಕಚೇರಿಯವರು ಇಟ್ಟ ಹೆಸರು. ನೀರು ಸರಬರಾಜು ಕಚೇರಿಯ ನಕ್ಷೆ ವಿಭಾಗದಲ್ಲಿ ಅವನಿಗೆ ಕೆಲಸ. ಊರಿನ ನೆಲದಡಿ ಓಡುವ ಕೊಳವೆಗಳನ್ನೆಲ್ಲ ದೊಡ್ಡ ಹಾಳೆಯ ಮೇಲೆ ನೀಲಿ ಪೆನ್ಸಿಲಿನಲ್ಲಿ ಗುರುತಿಸಬೇಕು. ಗೆರೆ ಎಳೆಯುತ್ತ ಎಳೆಯುತ್ತ ಕೊಳವೆ ಅವನ ಕಣ್ಣಿಗೆ ನದಿಯಾಗುತ್ತಿತ್ತು. ದಂಡೆಯಲ್ಲಿ ತಂಗಾಳಿ ಏಳುತ್ತಿತ್ತು. ಯಾರೋ ಆಚೆ ದಡದಿಂದ ಕೈಬೀಸಿ ಕರೆಯುತ್ತಿದ್ದರು. ಒಮ್ಮೆ ಮಾರುಕಟ್ಟೆಯ ಹಿಂದಿನ ದೊಡ್ಡ ಕೊಳವೆಯ ಮೇಲೆ ಅವನಿಗೇ ತಿಳಿಯದಂತೆ ಪುಟ್ಟ ದೋಣಿಯೊಂದು ಮೂಡಿಬಿಟ್ಟಿತು. ಆ ನಕ್ಷೆ ಹಿಡಿದು ಹೋದ ಕಿರಿಯ ಇಂಜಿನಿಯರು, ಇದು ಯಾವ ನಮೂನೆಯ ವಾಲ್ವು ಎಂದು ಅರ್ಧ ದಿನ ರಸ್ತೆ ಅಗೆಸಿದ. ಅಂದಿನಿಂದ ಮೋಡಣ್ಣ ಎಂಬ ಹೆಸರು ಗಟ್ಟಿಯಾಯಿತು.

ಆ ಭಾನುವಾರ ಬೆಳಿಗ್ಗೆ ಹೆಂಡತಿ ಅವನನ್ನು ಗುಂಡಿ ತರಲು ಕಳಿಸಿದಳು. ಅವಳು ಮನೆಯ ಮುಂಭಾಗದಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಿದ್ದಳು. ಗಂಡನಿಗೆ ಕೆಲಸ ಹೇಳುವುದಕ್ಕೆ ಅವಳದೇ ಒಂದು ಪದ್ಧತಿ ಇತ್ತು: ಹೇಳಿದ್ದನ್ನು ತಾನೇ ಪ್ರಶ್ನೆ ಕೇಳಿ ಅವನ ಬಾಯಿಂದ ಒಪ್ಪಿಸಿಕೊಳ್ಳುತ್ತಿದ್ದಳು.

“ಏನು ತರಬೇಕು?”

“ಗುಂಡಿ.”

“ಯಾವ ಬಣ್ಣ?”

“ಕಪ್ಪು.”

“ದಾರಿಯಲ್ಲಿ ಆಕಾಶ ನೋಡ್ತೀರಾ?”

“ಇಲ್ಲ.”

ಮಾತಿಗೆ ತಪ್ಪದ ಮೋಡಣ್ಣ ಆಕಾಶ ನೋಡಲಿಲ್ಲ. ಆದರೆ ಮಾರುಕಟ್ಟೆಯ ತಿರುವಿನ ದೊಡ್ಡ ಮರದ ಬಗ್ಗೆ ಹೆಂಡತಿ ಏನೂ ಹೇಳಿರಲಿಲ್ಲವಲ್ಲ. ಮರ ಹೂಬಿಟ್ಟಿತ್ತು. ಹತ್ತಿಯಷ್ಟು ಹಗುರದ ತಿಳಿಗುಲಾಬಿ ಹೂಗಳು ಒಂದೊಂದೇ ಕಳಚಿ, ಬೀಳಲೋ ಬೇಡವೋ ಎಂದು ಯೋಚಿಸುತ್ತ ಇಳಿಯುತ್ತಿದ್ದವು. ಅವನು ನಿಂತ.

ಮರದ ಕೆಳಗೆ ಕಾಲೇಜು ವಿದ್ಯಾರ್ಥಿಗಳು ಮೇಜು, ಕುರ್ಚಿ, ಡಬ್ಬಿ ಇಟ್ಟುಕೊಂಡಿದ್ದರು. ಅನಾಥಾಲಯದ ಮಕ್ಕಳು ಹದಿನೆಂಟು ತುಂಬಿದ ಮೇಲೆ ಅಲ್ಲಿ ಇರುವಂತಿಲ್ಲ. ಪೆಟ್ಟಿಗೆ ಎತ್ತಿಕೊಂಡು ಹೊರಡಲೇಬೇಕು. ಅಂಥವರಿಗೆ ಒಂದು ಕೋಣೆ, ಒಂದು ಮಂಚ, ಒಂದು ಸ್ಟೌ ಹೊಂದಿಸಿಕೊಡಲು ಚಂದಾ ಎತ್ತುತ್ತಿದ್ದರು. ಹಿಂದೆ ಎರಡು ಕೋಲಿಗೆ ಕಟ್ಟಿದ ಬಟ್ಟೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದಿದ್ದರು: ‘ಅನಾಥರು. ಹದಿನೆಂಟು ತುಂಬಿದೆ. ಇನ್ನು ಎಲ್ಲಿಗೆ ಹೋಗಬೇಕು?’

“ಅಂಕಲ್, ಮೈಕು ಕೆಟ್ಟುಹೋಯ್ತು. ರಿಪೇರಿ ಮಾಡಿಸ್ಕೊಂಡು ಬರ್ತೀವಿ. ಸ್ವಲ್ಪ ಡಬ್ಬಿ ನೋಡ್ಕೊಂಡು ಕೂತಿರ್ತೀರಾ?” ಎಂದಳು ಎರಡು ಜಡೆಯ ಹುಡುಗಿಯೊಬ್ಬಳು. ಮೈಕಿನ ಅಗತ್ಯವೇ ಇಲ್ಲದ ಗಂಟಲು ಅವಳದು.

ತನ್ನನ್ನು ಯಾರಾದರೂ ನಂಬಿ ಏನನ್ನಾದರೂ ವಹಿಸಿದರೆ ಮೋಡಣ್ಣನ ಎದೆ ಉಬ್ಬುತ್ತಿತ್ತು. ಅಂಥ ಸಂದರ್ಭಗಳು ಅವನ ಬಾಳಿನಲ್ಲಿ ಕಡಿಮೆ. “ಆಗಲಮ್ಮ” ಎಂದು ಗಂಭೀರವಾಗಿ ಕೂತ.

ಅವನ ತಲೆಯ ಮೇಲೆ ಬರಹ. ಒಂದು ಹೂ ಬಂದು ಭುಜದ ಮೇಲೆ ಕೂತಿತು. ಒಬ್ಬನನ್ನೇ ಆದರೂ ಬಹುವಚನದಲ್ಲಿ ಗೌರವಿಸುವ ಭಾಷೆ ನಮ್ಮದು. ಹೀಗಾಗಿ ತರಕಾರಿ ಚೀಲ ಹಿಡಿದು ಬಂದ ದಪ್ಪನೆಯ ಹೆಂಗಸಿಗೆ ‘ಅನಾಥರು’ ಎಂಬುದನ್ನು ಓದಿ ಕೆಳಗೆ ಕೂತವನನ್ನು ನೋಡಿದಾಗ, ವ್ಯಾಕರಣದಲ್ಲಿ ಯಾವ ದೋಷವೂ ಕಾಣಿಸಲಿಲ್ಲ.

“ಸ್ವಾಮಿ, ಅನಾಥರು ಅಂದ್ರೆ ನೀವೇನಾ?”

ಮೋಡಣ್ಣ ಪ್ರಾಮಾಣಿಕ. ಕೇಳಿದ ಪ್ರಶ್ನೆಗೆ ಯೋಚಿಸಿ ಉತ್ತರಿಸುವವನು. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ಅಮ್ಮ ಮೊನ್ನೆ ಮೊನ್ನೆ ಹೋದಂತಿದೆ.

“ಹೌದಮ್ಮ. ಅಪ್ಪನೂ ಇಲ್ಲ, ಅಮ್ಮನೂ ಇಲ್ಲ.”

“ಅಯ್ಯೋ! ಎಲ್ಲಿಗೆ ಹೋಗಬೇಕು ಅಂತ್ಲೂ ಗೊತ್ತಿಲ್ವಾ?”

“ಮನೆಯಿಂದ ಹೊರಟಾಗ ಗೊತ್ತಿತ್ತಮ್ಮ. ಈಗ ಮರೆತುಹೋಗಿದೆ.”

ಹೆಂಗಸಿನ ಕಣ್ಣು ತುಂಬಿತು. ಹಿಂದೆ ಬರುತ್ತಿದ್ದ ತಂಗಿಯನ್ನು ಕೈಹಿಡಿದು ಎಳೆದಳು. “ಹದಿನೆಂಟಂತೆ ಕಣೇ! ಕಷ್ಟ ಅನ್ನೋದು ಮನುಷ್ಯನ್ನ ಹೇಗೆ ಮಾಡಿಬಿಡುತ್ತೆ ನೋಡು. ತಲೆಯೆಲ್ಲ ಬೆಳ್ಳಗಾಗಿದೆ, ಹೊಟ್ಟೆ ಬಂದುಬಿಟ್ಟಿದೆ.”

“ಪಾಪ, ಹಲ್ಲು ಇನ್ನೂ ಗಟ್ಟಿಯಾಗಿದೆ,” ಎಂದಳು ತಂಗಿ. ವಯಸ್ಸಿನ ಬಗ್ಗೆ ಅವಳಿಗಿದ್ದ ಸಣ್ಣ ಅನುಮಾನವೂ ಅಷ್ಟಕ್ಕೆ ಕರಗಿತು.

ಜನ ಸೇರಿದರು. ಡಬ್ಬಿ ತುಂಬಿತು. ಎದುರಿನ ಕ್ಷೌರದ ಅಂಗಡಿಯವನು ಕತ್ತರಿ ಸಮೇತ ಓಡಿಬಂದು, “ಕೂದಲಿಗೆ ಬಣ್ಣ ನಾನು ಹಾಕ್ಕೊಡ್ತೀನಪ್ಪಾ, ಕಾಸು ಬೇಡ. ಮನುಷ್ಯ ಅಂದ್ಮೇಲೆ ವಯಸ್ಸಿಗೆ ತಕ್ಕ ಹಾಗೆ ಕಾಣಬೇಕು,” ಎಂದ. ಮೋಡಣ್ಣ ಎಲ್ಲರಿಗೂ ಕೈಮುಗಿದ. ಜನ ಇಷ್ಟು ಒಳ್ಳೆಯವರು ಎಂದು ಅವನಿಗೆ ಗೊತ್ತೇ ಇರಲಿಲ್ಲ. ಹೂಗಳು ಇಳಿಯುತ್ತಲೇ ಇದ್ದವು. ಅವನಿಗೆ ತಾನು ದೋಣಿಯಲ್ಲಿ ಕೂತಂತೆಯೂ ಊರಿಗೆ ಊರೇ ದಡದಲ್ಲಿ ನಿಂತು ಬೀಳ್ಕೊಡುತ್ತಿರುವಂತೆಯೂ ಅನಿಸಿ ಅರೆಗಣ್ಣು ಮುಚ್ಚಿತು.

ಅದೇ ಹೊತ್ತಿಗೆ ಮೈಕಿನ ಹುಡುಗಿ ವಾಪಸು ಬಂದಳು. ತರಕಾರಿ ಹೆಂಗಸು ಅವಳಿಗೆ ಇಡೀ ಕಥೆಯನ್ನು ಕಣ್ಣೀರಿನೊಂದಿಗೆ ಒಪ್ಪಿಸಿದಳು. ಹುಡುಗಿ ವಿದ್ಯಾವಂತೆ, ಹದಿನೆಂಟು ಎಂಬುದನ್ನು ನಂಬಲಿಲ್ಲ. ಹದಿನೆಂಟಕ್ಕೆ ಅನಾಥಾಲಯ ಬಿಟ್ಟು, ಬದುಕಿನಲ್ಲಿ ಗೆದ್ದು, ಈಗ ತಮ್ಮಂಥವರ ಸೇವೆಗೆ ತಾವಾಗಿಯೇ ಬಂದು ಕೂತಿರುವ ಹಿರಿಯರು ಇವರು ಎಂದು ಸರಿಯಾಗಿ ತಪ್ಪು ತಿಳಿದುಕೊಂಡಳು.

“ಸರ್, ಮುಂದಿನ ಭಾನುವಾರ ಕಾಲೇಜಿನಲ್ಲಿ ಕಾರ್ಯಕ್ರಮ. ನೀವು ಮನಸು ಬಿಚ್ಚಿ ಎರಡು ಮಾತಾಡಬೇಕು.”

ದೋಣಿ ಆಗ ನಡುನೀರಿನಲ್ಲಿತ್ತು. “ಆಗಲಿ,” ಎಂದ ಮೋಡಣ್ಣ. ಹುಡುಗನೊಬ್ಬ ಫೋಟೊ ತೆಗೆದುಕೊಂಡ.

ರಸ್ತೆಯಲ್ಲಿ ಬಸ್ಸೊಂದು ನಿಂತಿತ್ತು. ಅದರ ಕಿಟಕಿಯಲ್ಲಿ ಮೋಡಣ್ಣನ ಎದುರುಮನೆಯ ಕಿಟಕಿಯಮ್ಮ ಕೂತಿದ್ದಳು. ಮನೆಯಲ್ಲಿರಲಿ, ಬಸ್ಸಿನಲ್ಲಿರಲಿ, ಅವಳ ಜಾಗ ಕಿಟಕಿಯೇ. ಅವಳು ಬರಹವನ್ನು ಓದಿದಳು. ಮೋಡಣ್ಣನನ್ನು ನೋಡಿದಳು. ಮುಂದಿನ ನಿಲ್ದಾಣದಲ್ಲಿ ಇಳಿದು, ಎದುರು ದಿಕ್ಕಿನ ಬಸ್ಸು ಹತ್ತಿ ನೇರ ಮನೆಗೆ ಬಂದಳು.

ಅವಳು ಹೊಲಿಗೆ ಕ್ಲಾಸಿನ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತ, “ಗಾಬರಿ ಆಗಬೇಡ ಕಣಮ್ಮ. ನಿಮ್ಮೆಜಮಾನ್ರು ಅನಾಥರಾಗಿದ್ದಾರೆ,” ಎಂದಳು.

ಹೊಲಿಗೆ ಯಂತ್ರಗಳೆಲ್ಲ ಒಟ್ಟಿಗೆ ನಿಂತವು.

“ಅನಾಥರಾಗೋಕೆ ನಾನೇನು ಸತ್ತಿದ್ದೀನಾ?” ಎಂದಳು ಹೆಂಡತಿ.

“ಅದನ್ನೇ ನಾನೂ ಕೇಳ್ಬೇಕು ಅಂತ ಬಂದೆ. ಡಬ್ಬಿ ಮುಂದಿಟ್ಕೊಂಡು ಕೂತಿದ್ದಾರೆ. ಎಲ್ಲಿಗೆ ಹೋಗಬೇಕೋ ಗೊತ್ತಿಲ್ಲ ಅಂತ ಬರೆಸಿಬಿಟ್ಟಿದ್ದಾರೆ. ನೀನು ಏನಾದ್ರೂ ಅಂದ್ಯಾ?”

“ಗುಂಡಿ ತನ್ನಿ ಅಂದೆ.”

“ಹೇಗೆ ಅಂದೆ ಅನ್ನೋದು ಮುಖ್ಯ,” ಎಂದಳು ಕಿಟಕಿಯಮ್ಮ.

ಮೋಡಣ್ಣ ಮಧ್ಯಾಹ್ನ ಗುಂಡಿಯಿಲ್ಲದೆ, ತಲೆಯಲ್ಲಿ ಹೂ ಸಿಕ್ಕಿಸಿಕೊಂಡು ಮನೆಗೆ ಬಂದ. ಹೆಂಡತಿ ಅನ್ನ ಬಡಿಸಿ, “ಅನಾಥರಿಗೆ ಇನ್ನೂ ಸ್ವಲ್ಪ ಸಾರು ಹಾಕ್ಲಾ?” ಎಂದಷ್ಟೇ ಕೇಳಿದಳು. ಮೋಡಣ್ಣ “ಹಾಕು” ಎಂದ. ಅದು ಇನ್ನೂ ದೊಡ್ಡ ತಪ್ಪಾಯಿತು.

ಮೂರು ದಿನ ಕಳೆಯುವಷ್ಟರಲ್ಲಿ ಊರಿನ ಗೋಡೆಗಳ ಮೇಲೆ ಭಿತ್ತಿಪತ್ರ ಹತ್ತಿತು. ಅರೆಗಣ್ಣು ಮುಚ್ಚಿ ಕೈಮುಗಿದ ಮೋಡಣ್ಣನ ಚಿತ್ರ. ಕೆಳಗೆ ‘ಅನಾಥಾಲಯದಿಂದ ಬದುಕಿಗೆ: ಹಿರಿಯ ಅನಾಥರ ಮನದಾಳದ ಮಾತು’. ವಿಮೆ ಏಜೆಂಟನಾಗಿದ್ದ ಭಾವಮೈದ ಅದರಲ್ಲೊಂದನ್ನು ಕಿತ್ತುಕೊಂಡು ಮನೆಗೆ ನುಗ್ಗಿದ.

“ಭಾವ! ನಾವೆಲ್ಲ ಏನು ಸತ್ತುಹೋಗಿದ್ದೀವಾ? ನಿಮ್ಮ ಮೇಲೆ ಪಾಲಿಸಿ ಮಾಡಿಸಿರೋನು ನಾನು. ನಾಮಿನಿ ನಮ್ಮಕ್ಕ. ನೀವು ಯಾರೂ ಇಲ್ಲ ಅಂತ ಊರಿಗೆಲ್ಲ ಡಂಗುರ ಹೊಡೆದ್ರೆ ನಾಳೆ ಕಂಪನಿ ನಮ್ಮಕ್ಕನ್ನ ಯಾರು ಅಂತ ಕೇಳಲ್ವಾ?”

“ಫೋಟೊ ಚೆನ್ನಾಗಿ ಬಂದಿದೆ,” ಎಂದ ಮೋಡಣ್ಣ.

ಕಚೇರಿಯಲ್ಲಿ ದೊಡ್ಡ ಸಾಹೇಬರು ಕರೆಸಿದರು. ಅವರು ನಿಯಮದ ಮನುಷ್ಯ. ಮೋಡಣ್ಣನನ್ನು ಬಹಳ ಹೊತ್ತು ನಿಲ್ಲಿಸಿಕೊಂಡು ನೋಡಿದರು.

“ಏನ್ರೀ ಇದು? ಇಲಾಖೆ ನೌಕರರು ಅನಾಥರಾಗಬೇಕಾದ್ರೆ ಮೊದಲು ಕಚೇರಿಗೆ ತಿಳಿಸಬೇಡ್ವೇ?”

“ಸರ್, ನಾನು ಆಗಿದ್ದಲ್ಲ. ಕೇಳಿದ್ರು. ಅಪ್ಪ ಅಮ್ಮ ಇಲ್ಲ ಅಂದೆ, ಅಷ್ಟೆ.”

“ಈ ವಯಸ್ಸಿಗೆ ಯಾರ ಅಪ್ಪ ಅಮ್ಮ ಇರ್ತಾರ್ರೀ? ಹಾಗಾದ್ರೆ ನಾನೂ...” ಎಂದವರು ಅಲ್ಲಿಗೇ ನಿಂತರು. ಅವರ ತಂದೆ ತೊಂಬತ್ತು ದಾಟಿ, ಹೋದ ವರ್ಷ ತೀರಿಕೊಂಡಿದ್ದರು. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಫ್ಯಾನು ತಿರುಗುತ್ತಿತ್ತು. ಕಿಟಕಿಯ ಪರದೆ ನಿಧಾನವಾಗಿ ಉಬ್ಬಿ ಇಳಿಯಿತು.

“ದಿನಾ ಸಂಜೆ ಫೋನ್ ಮಾಡಿ, ಊಟ ಆಯ್ತಾ ಅಂತ ಕೇಳೋರು,” ಎಂದರು ಸಾಹೇಬರು, ಮೋಡಣ್ಣನಿಗಲ್ಲ, ಪರದೆಗೆ. “ನಾನು ಮೀಟಿಂಗಲ್ಲಿದ್ದೀನಿ ಅಂತ ಇಟ್ಟುಬಿಡ್ತಿದ್ದೆ.”

ಆಮೇಲೆ ಸಾಹೇಬರು ಕನ್ನಡಕ ಹಾಕಿಕೊಂಡು, “ಕಾರ್ಯಕ್ರಮ ಎಷ್ಟು ಗಂಟೆಗ್ರೀ?” ಎಂದರು.

ಭಾನುವಾರ ಕಾಲೇಜಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಮೋಡಣ್ಣನ ಹೆಂಡತಿ ತುಟಿ ಬಿಗಿದು ಕೂತಿದ್ದಳು. ಪಕ್ಕದಲ್ಲಿ ಭಾವಮೈದ, ಅವನ ಪಕ್ಕದಲ್ಲಿ ಕಿಟಕಿಯಮ್ಮ, ಆಚೆ ಸಾಹೇಬರು. ಹಿಂದೆ ತರಕಾರಿ ಹೆಂಗಸು ಹತ್ತಾರು ಜನರನ್ನು ಕಟ್ಟಿಕೊಂಡು ಬಂದಿದ್ದಳು. ಭಿತ್ತಿಪತ್ರದಲ್ಲಿ ಫೋಟೊ ಮಾತ್ರ ನೋಡಿದ್ದ ಮೋಡಣ್ಣ, ಚಂದಾ ಕೊಟ್ಟವರಿಗೆ ತಾನು ವಂದನೆ ಹೇಳಬೇಕು ಎಂದಷ್ಟೇ ತಿಳಿದು ಬಂದಿದ್ದ. ಅದಕ್ಕೆಂದು ಎರಡು ವಾಕ್ಯ ಬಾಯಿಪಾಠ ಮಾಡಿ, ಮೆಟ್ಟಿಲು ಹತ್ತುವಾಗ ಒಂದನ್ನು ಕಳೆದುಕೊಂಡಿದ್ದ.

ವೇದಿಕೆಯ ಮೇಲೆ ಅವನ ಪಕ್ಕದ ಕುರ್ಚಿಯಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಇಸ್ತ್ರಿ ಮಾಡಿದ ಅಂಗಿ, ಮಡಿಲಲ್ಲಿ ಬಿಗಿಯಾಗಿ ಹಿಡಿದ ಕೈಗಳು. ಮೈಕಿನ ಹುಡುಗಿ ಸ್ವಾಗತ ಭಾಷಣ ಮಾಡುತ್ತಿರುವಾಗ ಅವಳು ಮೆಲ್ಲಗೆ ಬಾಗಿದಳು.

“ಸರ್, ನಿಮ್ಮನ್ನ ಒಂದು ಮಾತು ಕೇಳ್ಲಾ? ಒಂದು ವಾರದಿಂದ ಕಾಯ್ತಾ ಇದ್ದೆ.”

“ಕೇಳಮ್ಮ.”

“ಹೋಮಿಂದ ಆಚೆ ಬಂದಾಗ ನಿಮಗೆ ಯಾರು ರೂಮು ಕೊಟ್ರು?”

ಮೋಡಣ್ಣ ಕಣ್ಣು ಪಿಳಿಪಿಳಿ ಬಿಟ್ಟ.

“ನನಗೆ ಈ ತಿಂಗಳ ಕೊನೆಗೆ ಹದಿನೆಂಟು ತುಂಬುತ್ತೆ. ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ತಕ್ಕಂತೆ ಗಾಜು ಉಜ್ಜೋ ಕೆಲಸ ಸಿಕ್ಕಿದೆ. ಅಡ್ವಾನ್ಸಿಗೆ ಇವರೆಲ್ಲ ದುಡ್ಡು ಸೇರಿಸ್ತಿದ್ದಾರೆ. ಆದ್ರೆ ಎಲ್ಲಿ ಹೋದ್ರೂ ಮನೆಯೋರು ‘ಹಿರಿಯರನ್ನ ಕರ್ಕೊಂಡು ಬಾ’ ಅಂತಾರೆ. ಹೋದ ವಾರ ಒಬ್ಬರು ಆಂಟಿ ಮಹಡಿ ರೂಮು ತೋರಿಸಿದ್ರು. ತುಂಬ ಚೆನ್ನಾಗಿತ್ತು ಸರ್. ಕಿಟಕಿ ತೆಗೆದ್ರೆ ಬೀದಿಯೆಲ್ಲ ಕಾಣ್ಸುತ್ತೆ, ಎದುರಿಗೆ ಹೊಲಿಗೆ ಕ್ಲಾಸು, ಟಕಟಕ ಅಂತ ಸದ್ದು ಬರ್ತಿತ್ತು. ಅಲ್ಲೇ ಇದ್ದುಬಿಡ್ಬೇಕು ಅನ್ನಿಸ್ತು. ಹಿರಿಯರಿಲ್ಲ ಅಂದ ತಕ್ಷಣ ಬೀಗ ಹಾಕಿದ್ರು. ನಿಮ್ಮ ಜೊತೆ ಯಾರು ಬಂದಿದ್ರು ಸರ್? ಏನು ಹೇಳಿದ್ರಿ? ಅದೊಂದು ಹೇಳ್ಕೊಡಿ, ನಾನೂ ಹಾಗೇ ಹೇಳ್ತೀನಿ.”

ಮೋಡಣ್ಣನ ದೋಣಿ ಅಂದು ಮೊದಲ ಬಾರಿಗೆ ನೆಲಕ್ಕೆ ತಾಗಿತು. ಎಲ್ಲರೂ ತನ್ನನ್ನು ಏನೆಂದು ತಿಳಿದಿದ್ದಾರೆ ಎಂಬುದು ಒಂದೇ ಏಟಿಗೆ ಅರ್ಥವಾಯಿತು. ಊರು ತಪ್ಪು ತಿಳಿದುಕೊಂಡದ್ದು ಅವನಿಗೆ ದೊಡ್ಡದೆನಿಸಲಿಲ್ಲ. ಈ ಹುಡುಗಿ ಒಂದು ವಾರದಿಂದ ತನ್ನ ಉತ್ತರಕ್ಕೆ ಕಾಯುತ್ತಿದ್ದಳಲ್ಲ, ಅದು ಎದೆಯೊಳಗೆ ಚುಚ್ಚಿತು. ಅಷ್ಟರಲ್ಲಿ ಮೈಕಿನ ಹುಡುಗಿ ಅವನನ್ನು ಕರೆದಳು. ಚಪ್ಪಾಳೆಯ ಸುರಿಮಳೆಯಾಯಿತು.

ಮೋಡಣ್ಣ ಮೈಕಿನ ಮುಂದೆ ನಿಂತ. ಉಳಿದಿದ್ದ ಒಂದು ವಾಕ್ಯವೂ ಹಾರಿಹೋಗಿತ್ತು.

“ನಾನು ಅನಾಥ ಅಲ್ಲ,” ಎಂದ.

“ಕೇಳಿದ್ರಾ! ನಾವೆಲ್ಲ ಇದ್ದೀವಿ, ಅದಕ್ಕೇ ಹಾಗಂತಿದ್ದಾನೆ!” ಎಂದು ತರಕಾರಿ ಹೆಂಗಸು ಕೂಗಿದಳು. ಮತ್ತೆ ಚಪ್ಪಾಳೆ.

“ಇಲ್ಲಮ್ಮ, ನಿಜವಾಗ್ಲೂ ಅಲ್ಲ. ನಾನು ಗುಂಡಿ ತರೋಕೆ ಬಂದಿದ್ದೆ. ಕೂತ್ಕೊಳಿ ಅಂದ್ರು, ಕೂತೆ. ನನಗೆ ಹದಿನೆಂಟೂ ಅಲ್ಲ.”

“ನನ್ನ ತಂಗಿ ಹಲ್ಲು ನೋಡಿ ಹೇಳಿದ್ಲಲ್ಲ?” ಎಂದಳು ಅವಳು, ಸ್ವಲ್ಪ ನೊಂದು. ಕ್ಷೌರದವನು ಬಣ್ಣದ ಡಬ್ಬಿಯನ್ನು ಮೆಲ್ಲಗೆ ಜೇಬಿಗೆ ಸೇರಿಸಿದ. ಮೈಕಿನ ಹುಡುಗಿ ಎರಡೂ ಜಡೆ ಹಿಡಿದುಕೊಂಡು ಗೋಡೆಗೊರಗಿದಳು.

“ಇವಳು ಕೇಳ್ತಾ ಇದ್ದಾಳೆ, ಹದಿನೆಂಟರಲ್ಲಿ ನಿಮ್ಮ ಜೊತೆ ಯಾರು ಬಂದ್ರು ಅಂತ,” ಎಂದ ಮೋಡಣ್ಣ. “ಎಲ್ರೂ ಬಂದಿದ್ರು. ಕಾಲೇಜಿಗೆ ಸೇರೋಕೆ ಅಪ್ಪ ಬಂದ್ರು. ನೌಕರಿಗೆ ಸೇರೋ ದಿನ ಅಮ್ಮ ಬಂದು ಗೇಟಿನ ಆಚೆ ಸಂಜೆ ತನಕ ನಿಂತಿದ್ರು. ಮನೆ ನೋಡೋಕೆ ಮಾವನೋರು ಬಂದ್ರು. ಈವತ್ತಿಗೂ ನಾನು ಒಬ್ಬನೇ ಹೋದ್ರೆ ಗುಂಡಿ ಸಿಗಲ್ಲ. ಈ ಹುಡುಗಿಗೆ ರೂಮು ಕೇಳೋಕೆ ಒಬ್ಬರು ಹಿರಿಯರು ಬೇಕಂತೆ. ನಾನು ಹೋಗ್ತೀನಿ. ಆದ್ರೆ ನಾನೊಬ್ಬನೇ ಹೋದ್ರೆ ಬೇರೆ ಯಾವುದಾದ್ರೂ ಮನೆ ಕೇಳಿಬಿಡ್ತೀನಿ. ಅದಕ್ಕೆ ನನ್ನ ಹೆಂಡತಿಯೂ ಬರ್ತಾಳೆ.”

ಹೆಂಡತಿ ಎದ್ದು ನಿಂತಳು. “ಯಾರನ್ನ ಕೇಳಿ ಹೇಳಿದ್ರಿ?”

“ಈಗ ಕೇಳ್ತಾ ಇದ್ದೀನಲ್ಲ.”

“ಮೈಕಲ್ಲಿ ಕೇಳ್ತಾರೇನ್ರೀ?” ಎಂದಳು. ಮೈಕಿಲ್ಲದೆಯೂ ಅದು ಸಭಾಂಗಣಕ್ಕೆಲ್ಲ ಕೇಳಿಸಿತು. ಆಮೇಲೆ ಹುಡುಗಿಯ ಕಡೆ ತಿರುಗಿ, “ಯಾವ ಬೀದಿಯಮ್ಮ ಆ ಮನೆ?” ಎಂದಳು.

ಹುಡುಗಿ ಬೀದಿಯ ಗುರುತು ಹೇಳತೊಡಗಿದಳು. ಎರಡನೆಯ ತಿರುವಿಗೆ ಬರುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕಿಟಕಿಯಮ್ಮನ ಕುರ್ಚಿ ಖಾಲಿಯಾಗಿತ್ತು.

ಇಬ್ಬರು ಹಿರಿಯರು ಹೊರಟರೆ ಸಾಕಿತ್ತು. ಆದರೆ ಭಾವಮೈದ, “ಅಕ್ಕ ಭಾವ ಹೋಗ್ತಿರಬೇಕಾದ್ರೆ ನಾನು ಹಿಂದೆ ಉಳಿದ್ರೆ ಚೆನ್ನಾಗಿರುತ್ತಾ?” ಎಂದು ಹೊರಟ. ಸಾಹೇಬರು, “ಇಲಾಖೆ ಪರವಾಗಿ ಒಬ್ಬರು ಇರಲಿ,” ಎಂದು ಹೊರಟರು. ತರಕಾರಿ ಹೆಂಗಸು, ಅವಳ ತಂಗಿ, ಕ್ಷೌರದವನು, ಮೈಕು ಸಮೇತ ವಿದ್ಯಾರ್ಥಿಗಳು ಎಲ್ಲರೂ ಹಿಂದೆ ಬಿದ್ದರು. ಬೆಳಿಗ್ಗೆಯವರೆಗೆ ಒಬ್ಬ ಹಿರಿಯರೂ ಇಲ್ಲದಿದ್ದ ಹುಡುಗಿಗೆ ಮಧ್ಯಾಹ್ನದ ಹೊತ್ತಿಗೆ ರಸ್ತೆ ಸಾಲದಷ್ಟು ಹಿರಿಯರಾದರು.

ಕಿಟಕಿಯಮ್ಮ ಅಷ್ಟರಲ್ಲಿ ಮನೆ ಸೇರಿ, ಸೀರೆ ಬದಲಾಯಿಸಿ, ಬೆಳಗಿನಿಂದ ಅಲ್ಲೇ ಇದ್ದವಳಂತೆ ಜಗಲಿಯ ಕುರ್ಚಿಯಲ್ಲಿ ಕೂತಿದ್ದಳು. ಇಪ್ಪತ್ತು ವರ್ಷ ಎದುರುಬದುರು ಇದ್ದ ಮೋಡಣ್ಣ ದಂಪತಿಯನ್ನು ಜನ್ಮದಲ್ಲಿ ನೋಡಿಲ್ಲದವಳಂತೆ ನೋಡಿದಳು.

“ಯಾರು ನೀವು? ಏನಾಗಬೇಕಿತ್ತು?”

“ರೂಮು ಕೇಳೋಕೆ ಬಂದಿದ್ದೀವಿ,” ಎಂದ ಮೋಡಣ್ಣ.

“ಎಲ್ಲಿಂದ ಬಂದ್ರಿ?”

ಮೋಡಣ್ಣ ತಿರುಗಿ ತನ್ನ ಮನೆಯತ್ತ ಬೆರಳು ತೋರಿದ. “ಅಲ್ಲಿಂದ.”

“ಕೆಲಸ?”

“ನಕ್ಷೆ ಬರೀತೀನಿ.”

“ಏನಾದ್ರೂ ಕೆಟ್ಟ ಅಭ್ಯಾಸ?”

“ಆಕಾಶ ನೋಡ್ತಾರೆ,” ಎಂದಳು ಹೆಂಡತಿ.

ಯಾರೋ ಕಿಸಕ್ಕೆಂದರು. ಕಿಟಕಿಯಮ್ಮ ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹುಡುಗಿಯನ್ನು ನೋಡಿದಳು. ಅವಳ ದನಿ ಇಳಿಯಿತು.

“ನಾನು ಕೆಟ್ಟೋಳಲ್ಲಮ್ಮ. ನಾನೊಬ್ಬಳೇ ಇರೋದು. ನಾಳೆ ಏನಾದ್ರೂ ಆದ್ರೆ ಯಾರನ್ನ ಕರೀಲಿ ಅಂತ ಭಯ.”

“ನನಗೂ ಅದೇ ಭಯ ಆಂಟಿ,” ಎಂದಳು ಹುಡುಗಿ.

ಮಧ್ಯಾಹ್ನದ ಬಿಸಿಲು ಗೋಡೆಗಳ ಮೇಲೆ ನಿದ್ದೆ ಹೋಗಿತ್ತು. ಕಿಟಕಿಯಮ್ಮ ಕೊನೆಯ ಪ್ರಶ್ನೆ ಕೇಳಿದಳು: “ಇವರಿಬ್ಬರೂ ನಿನಗೆ ಏನಾಗಬೇಕು?”

ಹುಡುಗಿ ಮೋಡಣ್ಣನನ್ನು ನೋಡಿದಳು; ಅವನ ಹೆಂಡತಿಯನ್ನು ನೋಡಿದಳು. ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

“ಇನ್ನೂ ಏನೂ ಆಗಿಲ್ಲ ಆಂಟಿ. ನೀವು ರೂಮು ಕೊಟ್ರೆ ಎದುರುಮನೆಯವರಾಗ್ತಾರೆ.”

ಕಿಟಕಿಯಮ್ಮ ಎದ್ದು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಭಾವಮೈದ ಗಡಿಯಾರ ನೋಡಿದ, ಸಾಹೇಬರು ಕೆಮ್ಮಿದರು. ಬಂದಾಗ ಅವಳ ಒಂದು ಕೈಯಲ್ಲಿ ಬೀಗದ ಕೈ, ಇನ್ನೊಂದರಲ್ಲಿ ಪೊರಕೆ ಇತ್ತು. “ಧೂಳು ಕೂತಿದೆ. ಇಷ್ಟೊಂದು ಹಿರಿಯರು ಬಂದಿದ್ದೀರಲ್ಲ, ಯಾರಾದ್ರೂ ಗುಡಿಸಿ,” ಎಂದಳು. ಪೊರಕೆ ಹತ್ತಿರದಲ್ಲಿದ್ದ ಸಾಹೇಬರ ಕೈಗೆ ಹೋಯಿತು.

ತಿಂಗಳ ಕೊನೆಗೆ ವಿದ್ಯಾರ್ಥಿಗಳು ಮಂಚ ಹೊತ್ತು ತಂದರು. ಮೆಟ್ಟಿಲ ತಿರುವಿನಲ್ಲಿ ಅದು ಸಿಕ್ಕಿಕೊಂಡು, ಹೇಗೆ ತಿರುಗಿಸಬೇಕೆಂದು ಮೈಕಿನ ಹುಡುಗಿ ಬೀದಿಯಿಂದ ಕೂಗಿ ಹೇಳಿ, ಅವಳು ಹೇಳಿದ್ದಕ್ಕೆ ತದ್ವಿರುದ್ಧ ಮಾಡಿದ ಮೇಲೆ ಒಳಗೆ ಹೋಯಿತು. ಸ್ಟೌ ಬಂತು, ಎರಡು ಪಾತ್ರೆ ಬಂತು. ಹೆಂಡತಿ ಕಿಟಕಿಗೆ ಪರದೆ ಹೊಲಿದುಕೊಟ್ಟಳು. ಎಲ್ಲರೂ ಕೈಬೀಸಿ ಹೊರಟುಹೋದರು. ಬೀದಿ ಖಾಲಿಯಾಯಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮೋಡಣ್ಣನ ಮನೆಯ ಬಾಗಿಲು ಮೆಲ್ಲಗೆ ಸದ್ದಾಯಿತು. ತೆಗೆದರೆ ಹುಡುಗಿ ನಿಂತಿದ್ದಳು.

“ಏನಮ್ಮ, ಏನಾದ್ರೂ ಬೇಕಿತ್ತಾ?” ಎಂದ ಮೋಡಣ್ಣ.

“ಏನೂ ಬೇಡ ಅಂಕಲ್.” ಅವಳು ಹೊಸ್ತಿಲ ಆಚೆಯೇ ನಿಂತು ಕಾಲ ಬೆರಳಿನಿಂದ ನೆಲ ಗೀರಿದಳು. “ಸುಮ್ನೆ ಬರಬಹುದಾ ಅಂತ ನೋಡೋಕೆ ಬಂದೆ.”

ಇಂಥ ಪ್ರಶ್ನೆಗೆ ಏನು ಉತ್ತರ ಕೊಡಬೇಕೆಂದು ಮೋಡಣ್ಣ ಬಾಗಿಲು ಹಿಡಿದುಕೊಂಡೇ ಯೋಚನೆಗೆ ಬಿದ್ದ. ಒಳಗಿನಿಂದ ಹೆಂಡತಿಯ ದನಿ ಬಂತು:

“ಬಾಗಿಲು ತೆಕ್ಕೊಂಡು ಇಬ್ಬರೂ ಏನು ಮಾಡ್ತಿದ್ದೀರಿ? ಸೊಳ್ಳೆ ಬರುತ್ತೆ, ಒಳಗೆ ಬಾರೇ.”